ಎಚೆವೇರಿಯಾ ತಗೊಳ್ಳೋದಾ, ಹಾವರ್ಥಿಯಾನಾ?

ಸಕ್ಯುಲೆಂಟ್, ಅಂದರೆ ದಪ್ಪ ಎಲೆ-ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳ ತೋಟ ಸುತ್ತಿ ಗಿಡ ಮಾರುವ ಮೇಜಿನ ಹತ್ತಿರ ಬಂದರೆ ಕಣ್ಣು ಮೊದಲು ಹೋಗುವುದು ಎಚೆವೇರಿಯಾ ಮೇಲೆ. ಗುಲಾಬಿಯ ಹಾಗೆ ಸುತ್ತಿಕೊಂಡ ಎಲೆಗಳು, ಮೇಲೆ ತೆಳ್ಳಗೆ ಬಿಳಿ ಪುಡಿ. ಸುಮ್ನೆ ಮುಟ್ಟಿ ನೋಡಬೇಡಿ. ಒರೆಸಿ ಹೋದರೆ ಆ ಎಲೆಗೆ ಪುಡಿ ಮತ್ತೆ ಬರುವುದಿಲ್ಲ. ಹೆಚ್ಚಾಗಿ ಮೆಕ್ಸಿಕೋ ಕಡೆಯ ಗಿಡ, ಬೆಳಕು ಜಾಸ್ತಿ ಬೇಕು. ತೋಟದಲ್ಲಿ ಅದನ್ನು ಎಲ್ಲಿ ನೆಟ್ಟಿದ್ದಾರೆ ನೋಡಿ. ಮನೆಯಲ್ಲಿ ಅಷ್ಟು ಬೆಳಕಿಲ್ಲದಿದ್ದರೆ ಕಾಂಡ ಉದ್ದಕ್ಕೆ ಎಳೆದುಕೊಂಡು ಅಂದವೇ ಹೋಗುತ್ತದೆ. ಉದುರಿದ ಎಲೆಯಿಂದಲೂ ಹೊಸ ಗಿಡ ಮಾಡಬಹುದು, ಅದು ಲಾಭವೇ ಅಲ್ವಾ?

ಹಾವರ್ಥಿಯಾ ದಕ್ಷಿಣ ಆಫ್ರಿಕಾದ್ದು. ಕಿಟಕಿ ಪಕ್ಕದ ಬೆಳಕು ಸಾಕು. ಬೆಳೆಯುವುದು ನಿಧಾನ, ಆದರೆ ಬುಡದಲ್ಲಿ ಮರಿ ಹಾಕುತ್ತದೆ. ಮರಿ ಇರುವ ಕುಂಡವನ್ನೇ ಹುಡುಕಿ. ಬಿಸಿಲು ಬೀಳದ ಮನೆಯವರಿಗೆ ನನ್ನ ಓಟು ಇದಕ್ಕೇ.

ಯಾವುದನ್ನೇ ಆರಿಸಿ, ಎಲೆ ಸಂದಿಯಲ್ಲಿ ಬಿಳಿ ಹಿಟ್ಟುತಿಗಣೆ (ಹತ್ತಿಯ ಹಾಗೆ ಕಾಣುವ, ಗಿಡದ ರಸ ಹೀರುವ ಕೀಟ) ಕಂಡರೆ ಆ ಕುಂಡ ವಾಪಸ್ ಇಟ್ಟುಬಿಡಿ.