612 ಗಂಟೆ ಓಡಿದ ಮಿನಿ ಟ್ರಾಕ್ಟರ್ ಅಂತ ನಂಬಿ ನಾನು ಕೆಟ್ಟೆ

ಸೆಕೆಂಡ್ ಹ್ಯಾಂಡ್ ಮಿನಿ ಟ್ರಾಕ್ಟರ್ ಹುಡುಕುತ್ತಿರುವ ಅಡಿಕೆ ತೋಟದವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ಕೊಟ್ಟ ಮೇಲೆ ಕಲಿತೆ.

ನಮ್ಮದು ಚನ್ನಗಿರಿ ತಾಲ್ಲೂಕು. ಸಂತೇಬೆನ್ನೂರಿನ ಹತ್ತಿರ ಮೂರು ಎಕರೆ ಅಡಿಕೆ, ಒಂಬತ್ತು ಅಡಿಗೆ ಒಂದು ಗಿಡ. ಆ ಸಾಲಿನೊಳಗೆ ದೊಡ್ಡ ಗಾಡಿ ಬಿಟ್ಟರೆ ತಿರುವಿನಲ್ಲಿ ಯಾವುದಾದರೂ ಮರದ ಬುಡ ಕೆರೆದೇ ಹೋಗುತ್ತದೆ. ಡ್ರಿಪ್ ಪೈಪಂತೂ ಬಿಡಿ, ಮಣ್ಣು ಪುಡಿ ಮಾಡುವ ರೋಟವೇಟರ್‌ಗೆ ಸುತ್ತಿಕೊಂಡು ಬರುತ್ತದೆ. ಅದಕ್ಕೇ ಇಷ್ಟು ವರ್ಷ ಪಕ್ಕದ ತೋಟದ ಮಾವನ ಮಿನಿ ಗಾಡಿಯನ್ನೇ ಬಾಡಿಗೆಗೆ ಕರೆಯುತ್ತಿದ್ದೆ. ಅವರದು ಮಿತ್ಸುಬಿಷಿ ಶಕ್ತಿ 180, ಮೂರು ಸಿಲಿಂಡರ್, 18.5 ಎಚ್‌ಪಿ. ಬಣ್ಣ ಪೂರ್ತಿ ಹೋಗಿದೆ. ಸೀಟಿಗೆ ಗೋಣಿಚೀಲ ಕಟ್ಟಿದ್ದಾರೆ. ಆದರೂ ಚಳಿಗಾಲದ ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಅದನ್ನು ನೋಡಿ ನೋಡಿಯೇ ನನಗೆ ಹಳೇ ಗಾಡಿಯೇ ಗಟ್ಟಿ ಅನ್ನುವ ಹುಚ್ಚು ಹತ್ತಿತು. ಮಾವ ದಿನಾ ಆಯಿಲ್ ಕಡ್ಡಿ ಎಳೆದು ನೋಡುತ್ತಾರೆ, ಧೂಳಿನ ಕೆಲಸ ಮುಗಿದ ಸಂಜೆಯೇ ಏರ್ ಕ್ಲೀನರ್ ಬಿಚ್ಚುತ್ತಾರೆ. ಅದು ಮಾತ್ರ ನನ್ನ ತಲೆಗೆ ಹೋಗಲಿಲ್ಲ.

2025ರ ನವೆಂಬರ್‌ನಲ್ಲಿ ದಾವಣಗೆರೆ ಹೊರವಲಯದ ಒಂದು ಹಳೇ ಗಾಡಿಗಳ ಯಾರ್ಡ್‌ಗೆ ಹೋದೆ. ಅಲ್ಲಿ ಫೋರ್ ವೀಲ್ ಡ್ರೈವ್ ಮಿನಿ ಒಂದು ನಿಂತಿತ್ತು, ಮದುವೆ ಮನೆಗೆ ಹೊರಟ ಹಾಗೆ. ಹೊಸ ಬಣ್ಣ, ಹಿಂದೆ ಹೊಸ ಟೈರ್. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ತಪ್ಪು ಕಂಪನಿಯದಲ್ಲ. ಯಾರ್ಡ್‌ನವರು ಇಂಜಿನ್ ಎಷ್ಟು ಗಂಟೆ ಓಡಿದೆ ಅಂತ ಹೇಳುವ ಮೀಟರ್ ತೋರಿಸಿದರು. "ಅಣ್ಣಾ, ಇದು ತೋಟದ ಗಾಡಿ. ಬರೀ ಔಷಧಿ ಹೊಡೆಯೋಕೆ ಇಟ್ಕೊಂಡಿದ್ರು. ನೋಡಿ, 612 ಗಂಟೆ." ಹೊಸದು ತಗೊಳ್ಳಲೋ ಅಂತ ನಾನು ಸ್ವಲ್ಪ ಹಿಂದೆಮುಂದೆ ನೋಡಿದಾಗ, "ಹೊಸದೆಲ್ಲಾ ಸೆನ್ಸರು, ಕಂಪ್ಯೂಟರು. ಕೆಟ್ರೆ ಯಾರೂ ಮುಟ್ಟಲ್ಲ" ಅಂದರು.

ಇದು ಶುದ್ಧ ಸುಳ್ಳು. 2023ರಿಂದ ಬಂದ ಹೊಗೆಯ ಹೊಸ ನಿಯಮ 50 ಎಚ್‌ಪಿಗಿಂತ ಮೇಲಿನ ಟ್ರಾಕ್ಟರ್‌ಗಳಿಗೆ. ನಮ್ಮ ತೋಟದ ಮಿನಿಗಳಲ್ಲಿ ಈಗಲೂ ಸಾದಾ ಡೀಸೆಲ್ ಪಂಪೇ ಇರುವುದು. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿತ್ತು. ನಾನು ಶೋರೂಮ್ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಆರ್‌ಸಿಯಲ್ಲಿ ಗಾಡಿ 2014ರದು ಅಂತಿತ್ತು. ಹನ್ನೊಂದು ವರ್ಷಕ್ಕೆ 612 ಗಂಟೆ ಅಂದರೆ ವಾರಕ್ಕೆ ಒಂದೇ ಒಂದು ಗಂಟೆ! ಯಾರಾದರೂ ಅದಕ್ಕೋಸ್ಕರ ಟ್ರಾಕ್ಟರ್ ತರುತ್ತಾರಾ? ಆ ಲೆಕ್ಕ ಅಲ್ಲೇ ಹಾಕಬೇಕಿತ್ತು. 2,35,000ಕ್ಕೆ ಮಾತು ಮುಗಿಸಿ, ಬೆಣ್ಣೆ ದೋಸೆ ತಿಂದು ಊರಿಗೆ ಬಂದೆ.

ಮೊದಲ ಹತ್ತು ದಿನ ಚೆನ್ನಾಗಿತ್ತು. ಡಿಸೆಂಬರ್ ಚಳಿ ಶುರುವಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸಿತು. ಹಿಡಿದರೆ ತೋಟದ ತುಂಬಾ ನೀಲಿ ಹೊಗೆ. ಅದಾಗಿ ಒಂದು ದಿನ ಒಣಗಿದ ಕೆಂಪು ಮಣ್ಣಿನಲ್ಲಿ ರೋಟವೇಟರ್ ಹೊಡೆಯುವಾಗ ಮುಂದಿನ ಆಕ್ಸಲ್‌ನಿಂದ ಕಟಕಟ ಸದ್ದು. ಆಮೇಲೆ ಒಂದು ದೊಡ್ಡ ಏಟು. ಗಾಡಿ ಅಲ್ಲೇ ನಿಂತಿತು.

ಮಲೇಬೆನ್ನೂರಿನಿಂದ ಒಬ್ಬ ವಯಸ್ಸಾದ ಮೇಸ್ತ್ರಿಯನ್ನು ಕರೆಸಿದೆ. ಅವರು ಸ್ಪ್ಯಾನರ್ ತೆಗೆಯಲೇ ಇಲ್ಲ, ಮೊದಲು ಕ್ಲಚ್ ಪೆಡಲ್ ನೋಡಿದರು. ರಬ್ಬರ್ ಹೊಸದು, ಅದರ ಕೆಳಗಿನ ಕಬ್ಬಿಣ ಸವೆದು ಕನ್ನಡಿ ಆಗಿತ್ತು. ಟೈರಿನ ಮೇಲಿನ ಅಳತೆ ಓದಿಸಿದರು. ಹಿಂದಿನದು ಕಂಪನಿ ಹೇಳಿದ್ದಕ್ಕಿಂತ ಒಂದು ಸೈಜ್ ದೊಡ್ಡದು, ಮುಂದಿನದು ಬೋಳು. ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ ಚಕ್ರ ಹಿಂದಿನ ಚಕ್ರ ಒಂದಕ್ಕೊಂದು ಹೊಂದಬೇಕು. ಇಲ್ಲದಿದ್ದರೆ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಹೇಗೋ ನಡೆಯುತ್ತದೆ, ಗಟ್ಟಿ ನೆಲದಲ್ಲಿ ಆ ಭಾರವೆಲ್ಲ ಆಕ್ಸಲ್ ಒಳಗಿನ ಗೇರ್ ಹಲ್ಲಿಗೆ ಬೀಳುತ್ತದೆ. ಆಕ್ಸಲ್ ಬೋಲ್ಟ್ ಬಿಚ್ಚಿದಾಗ ಸುರಿದ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕಿತ್ತು. ಜೊತೆಗೆ ಹಲ್ಲಿನ ಚೂರು, ಒಳಗೆ ಕಪ್ಪು ಕೆಸರು.

"ಸ್ವಾಮಿ, ಇದು ತೋಟದ ಗಾಡಿ ಅಲ್ಲ. ಗದ್ದೆ ಗಾಡಿ" ಅಂದರು.

ಭದ್ರಾ ನಾಲೆ ಕಡೆಯ ಭತ್ತದ ಗದ್ದೆಯಲ್ಲಿ ಕೆಸರು ಹೊಡೆದ ಗಾಡಿಗೆ ಆಯಿಲ್ ಸೀಲ್ ಮೂಲಕ ನೀರು ಒಳಗೆ ಇಳಿಯುತ್ತದಂತೆ. ಸೀಲ್ ಬದಲಿಸುತ್ತಾ ಹೋದರೆ ತೊಂದರೆ ಇಲ್ಲ. ಬದಲಿಸದಿದ್ದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಇಂಜಿನ್ ಕೂಡ ಬೋರಿಗೆ ಬಂದಿತ್ತು, ಅಂದರೆ ಒಳಗಿನ ಸಿಲಿಂಡರ್ ಸವೆದಿತ್ತು. ಹೊಗೆ ಕಾಣಬಾರದು ಅಂತ ದಪ್ಪ ಆಯಿಲ್ ಹಾಕಿದ್ದರು. ಯಾರ್ಡ್‌ನಲ್ಲಿ ನಾನು ನೋಡಿದ್ದು ಮಧ್ಯಾಹ್ನ, ಆಗಲೇ ಬಾನೆಟ್ ಬಿಸಿ ಇತ್ತು. ನನಗೆ ತೋರಿಸಲು ಬೇರೆಯವರು ಆಗತಾನೇ ಓಡಿಸಿದ್ದಾರೆ ಅಂದುಕೊಂಡೆ. ಮೇಸ್ತ್ರಿ ನಕ್ಕರು. "ಅದನ್ನ ಬೇಕಂತಲೇ ಬಿಸಿ ಮಾಡಿರ್ತಾರೆ ಸ್ವಾಮಿ. ಬಿಸಿ ಇಂಜಿನ್ ಎಲ್ಲಾ ಮುಚ್ಚಿಡುತ್ತೆ."

ಆಕ್ಸಲ್‌ಗೆ 31,000. ಲೈನರ್, ಪಿಸ್ಟನ್, ಹೆಡ್ ಕೆಲಸಕ್ಕೆ 46,500. ಒಟ್ಟು 3,12,500 ಆಯಿತು. ಇನ್ನು ಸ್ವಲ್ಪ ಹಾಕಿದ್ದರೆ 15 ಎಚ್‌ಪಿಯ ಹೊಸ ಮಹೀಂದ್ರ ಯುವರಾಜ್ 215 ಬಾಗಿಲಿಗೆ ಬರುತ್ತಿತ್ತು. ಒಂದೇ ಸಿಲಿಂಡರ್, ಕೂತರೆ ಮೈಯೆಲ್ಲಾ ನಡುಗಿಸುತ್ತದೆ ನಿಜ, ಆದರೆ ವಾರಂಟಿ ಇರುತ್ತಿತ್ತು. ಕುಬೋಟಾದ 24 ಎಚ್‌ಪಿ ಗಾಡಿಯನ್ನೂ ಒಮ್ಮೆ ಓಡಿಸಿದ್ದೇನೆ, ಬಲು ನಯ. ನನ್ನ ಜೇಬಿಗೆ ಅಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡರೆ ಆರ್‌ಸಿ ಬಾಕಿ ಇತ್ತು. "ಲೋನ್ ಎಲ್ಲಾ ತೀರಿದೆ" ಅಂದಿದ್ದರು. ತೀರಿದ್ದು ಹೌದು, ಆದರೆ ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಿರಲಿಲ್ಲ. ಅದಕ್ಕೆ ಫಾರಂ 35 ಬೇಕು, ಫೈನಾನ್ಸ್‌ನವರ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ) ಬೇಕು. ಅದಿಲ್ಲದೆ ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಎರಡಕ್ಕೂ ಸಹಿ ಇದ್ದರೂ ಗಾಡಿ ನಿಮ್ಮ ಹೆಸರಿಗೆ ಬರುವುದಿಲ್ಲ. ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ್ದರೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಯಾರ್ಡ್‌ನವರು ಫೋನ್ ಎತ್ತುವುದು ಬಿಟ್ಟರು. ಕೊನೆಗೆ ನಾನೇ ಆರ್‌ಸಿಯ ವಿಳಾಸ ಹಿಡಿದು ಹರಿಹರದ ಕಡೆ ಹಳೇ ಮಾಲೀಕರ ಮನೆಗೆ ಹೋದೆ.

ಒಳ್ಳೆಯ ಮನುಷ್ಯ. ಟೀ ಕೊಟ್ಟು, ಎನ್‌ಒಸಿ ತರಿಸಿಕೊಡುತ್ತೇನೆ ಅಂದರು, ತರಿಸಿಯೂ ಕೊಟ್ಟರು. ಗಾಡಿ ಬಗ್ಗೆ ಕೇಳಿದೆ. "ಎಂಟು ವರ್ಷ ಗದ್ದೇಲಿ ದುಡಿದಿದೆ ಕಣ್ರೀ. ಸೀಸನ್‌ನಲ್ಲಿ ರಾತ್ರಿ ಹಗಲು ಬಾಡಿಗೆ" ಅಂತ ಹೆಮ್ಮೆಯಿಂದ ಹೇಳಿದರು. ಮೀಟರ್ 612 ತೋರಿಸುತ್ತದಲ್ಲ ಅಂದೆ. ಅವರಿಗೆ ಅರ್ಥವೇ ಆಗಲಿಲ್ಲ. "ಮೀಟರ್ರಾ? ಅದರ ಕೇಬಲ್ ಕಿತ್ತು ಎಷ್ಟೋ ವರ್ಷ ಆಯ್ತಲ್ಲ!"

ಈಗ ಗಾಡಿ ಓಡುತ್ತಿದೆ. ಮಾವನ ಗಾಡಿಯಷ್ಟು ನಂಬಿಕೆ ಇನ್ನೂ ಬಂದಿಲ್ಲ. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ ಸುತ್ತಮುತ್ತ ಯಾರಾದರೂ ಹಳೇ ಮಿನಿ ನೋಡಲು ಹೋಗುವುದಿದ್ದರೆ ಹೇಳಿ, ಆ ಮೇಸ್ತ್ರಿಯನ್ನು ಜೊತೆ ಮಾಡಿಕೊಡುತ್ತೇನೆ. ಗಾಡಿ ನೋಡಿ ಹೇಳಲು 500 ರೂಪಾಯಿ ತಗೊಳ್ಳುತ್ತಾರೆ. ಒಂದೇ ಷರತ್ತು, ಬೆಳಿಗ್ಗೆ ಆರಕ್ಕೇ ಹೋಗಬೇಕು. ಹೋಗುತ್ತೇವೆ ಅಂತ ಮಾರುವವರಿಗೆ ಮೊದಲೇ ಫೋನ್ ಮಾಡಬಾರದು.