ಮೆಟ್ರೋದಲ್ಲಿ ನಿಂತು ಓದಲು ಮೂರು ಪುಸ್ತಕ, ನನ್ನ ಓಟು ‘ಊರುಕೇರಿ’ಗೆ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಸಿದ್ದಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’. ಉಳಿದೆರಡು ಕೆಟ್ಟ ಪುಸ್ತಕ ಅಂತಲ್ಲ, ಹಾಗಂದರೆ ನಮ್ಮಮ್ಮನೇ ಮನೆಯಿಂದ ಓಡಿಸುತ್ತಾರೆ. ನಾನು ಓದುವ ಜಾಗ ಹಾಗಿದೆ. ಬೆಳಿಗ್ಗೆ ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್‌ವರೆಗೆ ಸೀಟಿನ ಆಸೆಯೇ ಬೇಡ. ಬ್ಯಾಗು ಎದೆಗೆ, ಒಂದು ಕೈ ಕಂಬಿಗೆ, ಇನ್ನೊಂದರಲ್ಲಿ ಪುಸ್ತಕ. ಮೊಬೈಲ್ ಚಟ ಬಿಡೋಣ ಅಂತ ಕಾದಂಬರಿ ಒಂದು, ಕವಿತೆ ಒಂದು, ಆತ್ಮಕಥೆ ಒಂದು ತಂದಿದ್ದೆ.

ಜಾಸ್ತಿ ದುಡ್ಡು ತಿಂದಿದ್ದು, ಜಾಸ್ತಿ ಕಾಟ ಕೊಟ್ಟಿದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಇಟ್ಟಿಗೆಯಂಥ ಪುಸ್ತಕ. ಒಂದೇ ಕೈಯಲ್ಲಿ ಹಿಡಿದರೆ ಪೀಣ್ಯ ಬರುವಷ್ಟರಲ್ಲಿ ಹೆಬ್ಬೆರಳು ಜೋಮು ಹಿಡಿಯುತ್ತದೆ. ಪುಟ ತಿರುಗಿಸಬೇಕಾದರೆ ಕಂಬಿ ಬಿಡಬೇಕು, ಬಿಟ್ಟ ಗಳಿಗೆಗೇ ಬ್ರೇಕ್ ಬೀಳಬೇಕು, ಒಂದು ಸಲ ಪಕ್ಕದವರ ಕಾಲ ಮೇಲೇ ಬಿತ್ತು.

ತೂಕವನ್ನಾದರೂ ಸಹಿಸಬಹುದು. ತಲೆ ಕೆಡಿಸಿದ್ದು ಹೆಸರುಗಳು. ಹಳೆಮನೆ, ಬೆಟ್ಟಳ್ಳಿ, ಸಿಂಬಾವಿ, ಕೋಣೂರು ಅಂತ ಮನೆಗಳೇ ಅಷ್ಟಿವೆ. ಜೊತೆಗೆ ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ. ಮನೆಯಲ್ಲಿ ಕೂತು ಓದಿದರೆ ಇವರೆಲ್ಲ ನೆಂಟರ ಹಾಗೆ ಆಗಿಬಿಡುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಓದಿ, ಶನಿವಾರ ಭಾನುವಾರ ಬಿಟ್ಟು, ಸೋಮವಾರ ತೆರೆದರೆ ಯಾವ ಹೆಗ್ಗಡೆಯವರದು ಯಾವ ಮನೆ ಅಂತಲೇ ಮರೆತುಹೋಗಿರುತ್ತದೆ. ಯಾರು ಯಾರಿಗೆ ಏನಾಗಬೇಕು ಅಂತ ಒಂದು ಚೀಟಿ ಬರೆದು ಪುಟದ ಮಧ್ಯೆ ಇಟ್ಟುಕೊಂಡೆ. ಯಶವಂತಪುರದ ನೂಕುನುಗ್ಗಲಿನಲ್ಲಿ ಆ ಚೀಟಿಯೂ ಹೋಯಿತು. ಕೊನೆಗೆ ದಸರಾ ರಜೆಯಲ್ಲಿ ಮನೆಯಲ್ಲೇ ಮುಗಿಸಿದೆ. ತುಂಗೆಯ ನೆರೆಯಲ್ಲಿ ಗುತ್ತಿಯ ನಾಯಿ ‘ಹುಲಿಯ’ ಕೊಚ್ಚಿಹೋಗುವ ಕಡೆ ಸುಮ್ನೆ ಪುಸ್ತಕ ಮಡಚಿ ಕೂತಿದ್ದೆ. (ಕಥೆ ಹೇಳಿಬಿಟ್ಟೆ ಅಂತ ಬೈಬೇಡಿ, ಪುಸ್ತಕ ಬಂದಿದ್ದು 1967ರಲ್ಲಿ.)

ಕೆ.ಎಸ್. ನರಸಿಂಹಸ್ವಾಮಿ ಅವರ ‘ಮೈಸೂರು ಮಲ್ಲಿಗೆ’ ತೆಳ್ಳಗಿದೆ, ಅಗ್ಗ, ಎರಡು ಸ್ಟೇಷನ್ನಿಗೆ ಒಂದು ಪದ್ಯ ಸಲೀಸು. ಆದರೆ ಓದೋಕಾಗಲ್ಲ, ಹಾಡೇ ಬರುತ್ತದೆ! ‘ರಾಯರು ಬಂದರು’ ಅಂತ ಕಣ್ಣು ಹಾಯಿಸುವಷ್ಟರಲ್ಲಿ ಕ್ಯಾಸೆಟ್ಟಿನ ರಾಗ ತಲೆಯಲ್ಲಿ ಶುರು. ರಾಗ ಓಡಿದ ಹಾಗೆ ಕಣ್ಣೂ ಓಡುತ್ತದೆ. ಪದುಮಳು ‘ಒಳಗಿಲ್ಲ’ ಅಂದರೆ ಎಲ್ಲೋ ಹೋಗಿದ್ದಾಳೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಅಮ್ಮ ನಕ್ಕು, "ಮೂರು ದಿನ ಹೊರಗೆ ಕೂತಿದ್ದಾಳೆ ಕಣೋ" ಅಂದಮೇಲೆ ರಾಯರ ಸಿಡಿಮಿಡಿ ಅರ್ಥವಾಯಿತು. ಈ ಪುಸ್ತಕವನ್ನು ಅಮ್ಮನ ಪಕ್ಕ ಕೂತೇ ಓದಬೇಕು.

‘ಊರುಕೇರಿ’ ಮೂರು ಭಾಗದಲ್ಲಿದೆ, ನಾನು ತಂದಿದ್ದು ಮೊದಲನೆಯದು. ಒಂದೊಂದು ಪ್ರಸಂಗವೂ ಪುಟ್ಟದು, ಎಲ್ಲಿ ನಿಲ್ಲಿಸಿದರೂ ಎಳೆ ತಪ್ಪುವುದಿಲ್ಲ. ಎತ್ತಿನ ಬದಲು ಇಬ್ಬರ ಹೆಗಲಿಗೆ ನೊಗ ಹೂಡಿ ಒಬ್ಬ ಹೊಲ ಉಳುತ್ತಿರುತ್ತಾನೆ, ಆ ಇಬ್ಬರಲ್ಲಿ ಒಬ್ಬರು ಅಪ್ಪ, ಹುಡುಗ ನೋಡುತ್ತಿದ್ದಾನೆ. ಇಷ್ಟನ್ನು ದನಿ ಏರಿಸದೆ ಹೇಳಿ ಮುಂದೆ ಹೋಗಿಬಿಡುತ್ತಾರೆ. ಇನ್ನೊಂದು ಕಡೆ ನಗಿಸುತ್ತಾರೆ, ಅದೂ ಎಂಥ ನಗು ಅಂದರೆ ತುಂಬಿದ ಬೋಗಿಯಲ್ಲಿ ಒಬ್ಬನೇ ನಗುವವನನ್ನು ಜನ ಹೇಗೆ ನೋಡುತ್ತಾರೆ ಅಂತ ನಿಮಗೇ ಗೊತ್ತಲ್ವಾ. ಕಾಗದ ಮಾತ್ರ ಅಷ್ಟಕ್ಕಷ್ಟೆ.

ಬಜೆಟ್ ಕಮ್ಮಿಯಿದ್ದರೆ ಇದೊಂದನ್ನು ಕೊಳ್ಳಿ, ‘ಮದುಮಗಳು’ ಲೈಬ್ರರಿಯಿಂದ ತಂದು ರಜೆಗೆ ಇಟ್ಟುಕೊಳ್ಳಿ.

ನನ್ನ ತೀರ್ಪಿನಲ್ಲಿ ಸ್ವಲ್ಪ ಪಕ್ಷಪಾತವೂ ಇದೆ. ನಮ್ಮ ಹಸಿರು ಲೈನಿನಲ್ಲಿ ಕುವೆಂಪು ರಸ್ತೆ ದಾಟಿದರೆ ಮುಂದಿನ ಸ್ಟೇಷನ್ನೇ ಶ್ರೀರಾಮಪುರ. ಸಿದ್ದಲಿಂಗಯ್ಯ ಹುಡುಗನಾಗಿ ಓಡಾಡಿದ ಜಾಗ. ಪುಸ್ತಕದಲ್ಲಿ ಆ ಬೀದಿಗಳು ಬರುವ ದಿನ ಕಿಟಕಿಯಾಚೆ ಅಲ್ಲಿನ ತಾರಸಿಗಳು, ಒಣಹಾಕಿದ ಬಟ್ಟೆಗಳು ಹಾದುಹೋಗುತ್ತಿದ್ದವು. ತಲೆ ಎತ್ತಿ ನೋಡಿದೆ, ಮತ್ತೆ ಪುಸ್ತಕಕ್ಕೆ ಬಗ್ಗಿದೆ. ಮುಂದಿನ ಸಲ ತಲೆ ಎತ್ತಿದಾಗ ಮೆಜೆಸ್ಟಿಕ್ ದಾಟಿ ಚಿಕ್ಕಪೇಟೆಗೆ ಬಂದಿದ್ದೆ.