ರಾತ್ರಿ ಸೈಕಲ್ ಸವಾರಿಗೆ ದುಡ್ಡು ಕಟ್ಟುವ ಮುಂಚೆ, ಎಲ್ಲರಿಗಿಂತ ಹಿಂದೆ ಯಾರು ಬರ್ತಾರೆ ಅಂತ ಕೇಳಿ

ಹುಣ್ಣಿಮೆ ರಾತ್ರಿ ಕಲಬುರಗಿಯಿಂದ ಹೊರಟು ಬೆಳಗ್ಗೆ ಬೀದರ್ ಕೋಟೆ ಮುಂದೆ ಸೂರ್ಯೋದಯ ನೋಡೋಣ ಅನ್ನುವ ಪೋಸ್ಟರ್ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ನಮ್ಮ ಊರಿನ ಎಷ್ಟೋ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಅದು ಈಗ ಓಡಾಡುತ್ತಿದೆ. ಕಳೆದ ಡಿಸೆಂಬರ್‌ನಲ್ಲಿ ಇದೇ ಸವಾರಿಗೆ ನಾನು ಹೋಗಿದ್ದೆ. ತಂಗಿಯ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಅವನಿಗೆ ಆಗ 17 ವರ್ಷ. ಬಲ ಮುಂಗೈ ಮೂಳೆ ಮುರಿಯಿತು, ಗದ್ದಕ್ಕೆ 6 ಹೊಲಿಗೆ ಬಿದ್ದವು. ಪ್ಲಾಸ್ಟರ್ ಬಿಚ್ಚಿದ ಕೈಯಲ್ಲೇ ಅವನು ಪಿಯುಸಿ ಪ್ರಾಕ್ಟಿಕಲ್ ಮುಗಿಸಿದ. ಹೆಲ್ಮೆಟ್ ಇತ್ತು, ಅದಕ್ಕೇ ಇಷ್ಟರಲ್ಲಿ ಮುಗಿಯಿತು.

ನಡೆಸಿದವರ ಹೆಸರು ಬರೆಯುವುದಿಲ್ಲ. ಅವರ ಮೇಲೆ ಸೇಡು ತೀರಿಸಿಕೊಳ್ಳೋಕೆ ಇದನ್ನು ಬರೆಯುತ್ತಿಲ್ಲ. ಇನ್ನೊಂದು ಮನೆಯ ಹುಡುಗ ಆ ರಸ್ತೆಯಲ್ಲಿ ಹಾಗೆ ಬೀಳಬಾರದು, ಅಷ್ಟೇ.

ಮೊದಲ ಸಭೆಯಲ್ಲಿ ಇಂಗ್ಲೆಂಡಿನ ಒಂದು ಸವಾರಿಯ ವಿಡಿಯೊ ತೋರಿಸಿದರು. ಡನ್ವಿಚ್ ಡೈನಮೊ ಅಂತ ಅದರ ಹೆಸರು. ಲಂಡನ್ನಿನ ಹ್ಯಾಕ್ನಿಯಿಂದ ಸಂಜೆ ಹೊರಟು, ರಾತ್ರಿಯಿಡೀ ಸುಮಾರು 180 ಕಿ.ಮೀ. ತುಳಿದು, ಬೆಳಗಾಗುವಾಗ ಡನ್ವಿಚ್‌ನ ಸಮುದ್ರ ದಂಡೆ ಸೇರುತ್ತಾರೆ. 1990ರ ದಶಕದಿಂದ ನಡೆದುಕೊಂಡು ಬಂದಿದೆ. ನೂರಾರು ಕೆಂಪು ದೀಪಗಳು ಸಾಲಾಗಿ ಕತ್ತಲೆಯೊಳಗೆ ಹೋಗುವುದನ್ನು ನೋಡಿ ನಮ್ಮ ಹುಡುಗನ ಕಣ್ಣು ಅರಳಿತ್ತು. "ನಮಗ ಸಮುದ್ರ ಇಲ್ಲ, ಆದ್ರ ಕೋಟಿ ಅದ" ಅಂದರು ಸಂಘಟಕರು. ಆ ಮಾತು ನನಗೂ ಹಿಡಿಸಿತು. ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ಒಯ್ದವರು. ಆ ಕೋಟೆಯಿಂದ ಈ ಕೋಟೆಗೆ ಬೆಳದಿಂಗಳಲ್ಲಿ ಹೋಗೋದು ಅಂದ್ರೆ ಯಾರಿಗೆ ಆಸೆ ಆಗಲ್ಲ?

ಆದರೆ ವಿಡಿಯೊ ನೋಡುವಾಗ ಯಾರೂ ಲೆಕ್ಕ ಹಾಕಲಿಲ್ಲ. ನಾನೂ ಹಾಕಲಿಲ್ಲ. ಅವರ ಸವಾರಿ ನಡೆಯೋದು ಜುಲೈನಲ್ಲಿ. ಅಲ್ಲಿ ಆಗ ರಾತ್ರಿ ಒಂಬತ್ತು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಐದರ ಹೊತ್ತಿಗೆ ಮತ್ತೆ ಬೆಳಕು. ನಮ್ಮ ಡಿಸೆಂಬರ್ ಕತ್ತಲೆ ಸಂಜೆ ಆರಕ್ಕೆ ಶುರುವಾದರೆ ಬೆಳಗ್ಗೆ ಆರರವರೆಗೂ ಬಿಡಲ್ಲ. ಅವರದು ಹೆಚ್ಚಾಗಿ ಹಳ್ಳಿ ರಸ್ತೆ. ನಮ್ಮದು ರಾಷ್ಟ್ರೀಯ ಹೆದ್ದಾರಿ 50, ಅದೂ ಕಬ್ಬಿನ ಹಂಗಾಮಿನಲ್ಲಿ. ಅಲ್ಲಿ ಯಾರೂ ಫೀ ಕಟ್ಟಲ್ಲ, ಸಹಾಯಕ್ಕೆ ಅಂತ ಹಿಂದೆ ಗಾಡಿ ಬರಲ್ಲ, ಯಾರ ಪಾಡು ಅವರಿಗೆ ಅಂತ ಮೊದಲೇ ಗೊತ್ತಿರುತ್ತೆ. ನಮಗೆ 1,200 ರೂಪಾಯಿಗೆ ಗಾಡಿ, ಮೆಕ್ಯಾನಿಕ್, ಊಟ, ಮೆಡಲ್ ಎಲ್ಲ ಇದೆ ಅಂದಿದ್ದರು. ಎಲ್ಲ ಇದೆ ಅಂದ ಮೇಲೆ ನಾವು ಒಯ್ಯೋದು ಕಮ್ಮಿ ಆಗುತ್ತೆ ಅಲ್ವಾ? ಮನೆಯಲ್ಲಿದ್ದ ಹೊಸ ಟ್ಯೂಬನ್ನು ನಾನು ಕಪಾಟಿನಲ್ಲೇ ಬಿಟ್ಟು ಹೋದೆ.

ಹೆಸರು ಕೊಡುವ ಫಾರ್ಮ್‌ನಲ್ಲಿ ಟೀ ಶರ್ಟ್ ಸೈಜ್ ಕೇಳಿದ್ದರು. ರಕ್ತದ ಗುಂಪು ಕೇಳಿರಲಿಲ್ಲ. ಮನೆಯವರ ನಂಬರ್ ಕೇಳಿರಲಿಲ್ಲ. ಹುಡುಗನ ವಯಸ್ಸು 17 ಅಂತ ನಾನೇ ಬರೆದಿದ್ದೆ, ಅವನ ತಂದೆ ತಾಯಿಯ ಒಪ್ಪಿಗೆ ಬೇಕು ಅಂತ ಯಾರೂ ಹೇಳಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು.

ದತ್ತ ಜಯಂತಿಯ ಹುಣ್ಣಿಮೆ ಶನಿವಾರವೇ ಬಂದಿತ್ತು. ಗಾಣಗಾಪುರದ ಕಡೆ ಜನವೋ ಜನ, ಬೀದರ್ ಕಡೆ ರಸ್ತೆ ಖಾಲಿ ಇರುತ್ತೆ ಅಂದುಕೊಂಡೆವು. ರಾತ್ರಿ 10ಕ್ಕೆ ಶರಣಬಸವೇಶ್ವರ ಕೆರೆ ಹತ್ತಿರ ಎಲ್ಲರೂ ಸೇರಿದೆವು. ಗುಂಪಿನಲ್ಲಿ 43 ಹೆಸರಿತ್ತು. ಡ್ರೋನ್ ಹಾರಿಸಿ ವಿಡಿಯೊ ತೆಗೆದರು, ಪಟಾಕಿ ಹಚ್ಚಿದರು. ತಲೆ ಮಾತ್ರ ಎಣಿಸಲಿಲ್ಲ.

ಮೊದಲ ಎರಡು ಗಂಟೆ ನಿಜಕ್ಕೂ ಚೆನ್ನಾಗಿತ್ತು, ಅದನ್ನು ಮುಚ್ಚಿಡಲ್ಲ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ. ತಣ್ಣನೆ ಗಾಳಿಗೆ ತೊಗರಿಯ ಹಸಿ ವಾಸನೆ. ಕಮಲಾಪುರದಲ್ಲಿ ಚಹಾ ಕುಡಿದು, ಅಲ್ಲಿನ ಕೆಂಪು ಬಾಳೆಹಣ್ಣು ತಿಂದೆವು. ಅಲ್ಲಿಗೆ ಸುಮಾರು 35 ಕಿ.ಮೀ. ಆಗಿತ್ತು. ಮುಂದೆ ಏರು ಜಾಸ್ತಿ. ಕಲಬುರಗಿಗಿಂತ ಬೀದರ್ ಎತ್ತರದಲ್ಲಿದೆ, ಚಳಿಯೂ ಹೆಚ್ಚು. ಬಲ ಇದ್ದವರು ಮುಂದೆ ಹೋದರು. ಅವರ ಜೊತೆಗೇ ಗಾಡಿಯೂ ಹೋಯಿತು, ಯಾಕಂದ್ರೆ ವಿಡಿಯೊ ತೆಗೆಯುವವರು ಅದರಲ್ಲಿದ್ದರು. ಕೊನೆಯಲ್ಲಿ ಉಳಿದವರು ಮೂವರು. ನಾನು, ನಮ್ಮ ಹುಡುಗ, ಆಳಂದ ಕಡೆಯ ಒಬ್ಬ ಮೇಷ್ಟ್ರು.

ರಾತ್ರಿ 1 ಗಂಟೆ ದಾಟಿತ್ತು. ಹುಡುಗನ ಹಿಂದಿನ ಗಾಲಿ ಪಂಕ್ಚರ್. ಲಾರಿ ಬಂತು ಅಂತ ರಸ್ತೆಯಿಂದ ಕೆಳಗೆ ಇಳಿದಿದ್ದ, ಬಳ್ಳಾರಿ ಜಾಲಿ ಮುಳ್ಳು ಚುಚ್ಚಿತ್ತು. ನಮ್ಮ ಭಾಗದಲ್ಲಿ ರಸ್ತೆ ಬದಿಯೆಲ್ಲ ಅದೇ ಗಿಡ. ಹತ್ತು ಜನರಿಗೊಂದು ಅಂತ ಕೊಟ್ಟಿದ್ದ ಕಿಟ್ ನಮ್ಮ ಹತ್ತಿರವೇ ಇತ್ತು. ತೆಗೆದು ನೋಡಿದರೆ ಅದರಲ್ಲಿದ್ದ ಟ್ಯೂಬಿಗೆ ಬೈಕಿನ ಥರದ ದಪ್ಪ ವಾಲ್ವ್. ಅವನ ಸೈಕಲ್ಲಿನ ರಿಮ್ಮಿನ ತೂತು ತೆಳು ಪ್ರೆಸ್ಟಾ ವಾಲ್ವ್‌ಗೆ ಮಾಡಿದ್ದು. ಒಳಗೆ ಹೋಗಲೇ ಇಲ್ಲ. ಮೇಷ್ಟ್ರ ಹತ್ತಿರ ಪ್ಯಾಚ್ ಇತ್ತು. ಮೊಬೈಲ್ ಬೆಳಕಲ್ಲಿ ಅಂಟಿಸಿ, ಗಾಳಿ ತುಂಬಿ ಹೊರಟೆವು. ಹತ್ತು ನಿಮಿಷಕ್ಕೆ ಮತ್ತೆ ಚಪ್ಪಟೆ. ಮುಳ್ಳಿನ ತುದಿ ಟೈರಿನಲ್ಲೇ ಉಳಿದಿತ್ತು. ಪ್ಯಾಚ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ನೋಡಬೇಕು, ಗಡಿಬಿಡಿಯಲ್ಲಿ ಅದನ್ನೇ ಬಿಟ್ಟಿದ್ದೆವು.

ಸಂಘಟಕರಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಮೆಕ್ಯಾನಿಕ್‌ಗೆ ಹಚ್ಚಿದೆ. ರಿಂಗ್ ಆಗುತ್ತೆ, ಎತ್ತಲ್ಲ. ಬೆವರಿಗೆ ಒದ್ದೆಯಾದ ಕಾಟನ್ ಟೀ ಶರ್ಟ್ ಮೈಗೆ ಅಂಟಿಕೊಂಡು, ನಿಂತಲ್ಲೇ ನಡುಕ ಹತ್ತಿತು. ಅವರು ಕೊಟ್ಟ ಟೀ ಶರ್ಟೇ ಅದು. ಮೇಷ್ಟ್ರು ಚೀಲದಿಂದ ಹಳೇ ಪೇಪರ್ ತೆಗೆದು ಹುಡುಗನ ಎದೆಗೆ ಅಂಗಿಯೊಳಗೆ ಹಾಕಿದರು. ಸ್ವಲ್ಪ ಬೆಚ್ಚಗಾದ.

ಮತ್ತೆ ಹೊರಡುವಾಗ ಎರಡೂವರೆ. ಆಗ ಹುಡುಗನ ದೀಪ ಆರಿತು. ಈ ಚಾರ್ಜ್ ಮಾಡುವ ದೀಪಗಳು ಜೋರು ಬೆಳಕಿನಲ್ಲಿಟ್ಟರೆ ಬಹಳಷ್ಟು ಎರಡು ಮೂರು ಗಂಟೆಗೇ ಮುಗಿಯುತ್ತವೆ. ನಮಗೆ ಬೇಕಾಗಿದ್ದು ಎಂಟು ಗಂಟೆ. ಪವರ್ ಬ್ಯಾಂಕ್ ಇತ್ತು, ಆದರೆ ಚಾರ್ಜಿಗೆ ಹಚ್ಚಿದರೆ ಅವನ ದೀಪ ಉರಿಯುತ್ತಿರಲಿಲ್ಲ. ನಿಮ್ಮ ದೀಪ ಹೇಗಿದೆ ಅಂತ ಇವತ್ತೇ ಮನೆಯಲ್ಲಿ ಹಚ್ಚಿ ನೋಡಿಬಿಡಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಲೇಬೇಕು. "ನೀ ಮುಂದ ಹೋಗು, ನನ್ನ ಲೈಟು ನಿನಗೂ ಬೀಳ್ತದ" ಅಂದೆ. ಹಿಂದಿನಿಂದ ಬೆಳಕು ಬಿದ್ದರೆ ಏನಾಗುತ್ತೆ ಗೊತ್ತಾ? ಸವಾರನ ನೆರಳೇ ಅವನ ಮುಂದಿನ ಗಾಲಿಯ ಮುಂದೆ ಬೀಳುತ್ತೆ. ಎಲ್ಲಿ ಕಾಣಬೇಕೋ ಅಲ್ಲೇ ಕಪ್ಪು. ನಾವು ಗಂಟೆಗೆ 20 ಕಿ.ಮೀ. ವೇಗದಲ್ಲಿದ್ದೆವು, ಅಂದರೆ ಸೆಕೆಂಡಿಗೆ ಐದೂವರೆ ಮೀಟರ್. ಸಣ್ಣ ದೀಪದಲ್ಲಿ ಹತ್ತು ಮೀಟರ್ ಕಂಡರೂ ಎರಡು ಸೆಕೆಂಡ್ ಸಿಗಲ್ಲ. ಅವನಿಗೆ ಅಷ್ಟೂ ಸಿಗಲಿಲ್ಲ.

ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ನಾವು ಹೆದರಿದ್ದೆವು. ಒಂದರ ಹಿಂದೆ ಒಂದು ಎರಡು ಟ್ರೇಲರ್, ಕಬ್ಬು ಆಚೀಚೆ ಚಾಚಿಕೊಂಡು ರಿಫ್ಲೆಕ್ಟರ್ ಮುಚ್ಚಿಬಿಟ್ಟಿರುತ್ತೆ. ಹಿಂದೆ ಕೆಂಪು ದೀಪ ಇರಲ್ಲ. ಹತ್ತಿರ ಹೋಗುವವರೆಗೂ ಅದೊಂದು ಗಾಡಿ ಅಂತಲೇ ಗೊತ್ತಾಗಲ್ಲ. ಆದರೆ ಅವನನ್ನು ಬೀಳಿಸಿದ್ದು ಟ್ರ್ಯಾಕ್ಟರ್ ಅಲ್ಲ. ಯಾವುದೋ ಟ್ರ್ಯಾಕ್ಟರ್ ಕೆಟ್ಟು ನಿಂತಾಗ ಸುತ್ತ ಇಟ್ಟಿದ್ದ ಕಲ್ಲು. ಗಾಡಿ ರಿಪೇರಿಯಾಗಿ ಹೋಗಿತ್ತು. ಕಲ್ಲುಗಳು ಅಲ್ಲೇ ಇದ್ದವು. ಆಮೇಲೆ ನಾನು ಎಣಿಸಿದೆ, ಆರು. ತೆಂಗಿನಕಾಯಿ ಗಾತ್ರದ ಕರಿ ಕಲ್ಲು, ಪಕ್ಕದಲ್ಲಿ ಎಣ್ಣೆ ಸೋರಿದ ಕಲೆ, ಒಂದಿಷ್ಟು ಕಬ್ಬಿನ ರವದಿ. ಎರಡನೇ ಕಲ್ಲಿಗೆ ಅವನ ಗಾಲಿ ಬಡಿಯಿತು. ಹೆಲ್ಮೆಟ್ ಡಾಂಬರಿಗೆ ತಾಗಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

ಎದುರಿನಿಂದ ಬರುತ್ತಿದ್ದ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನಿಲ್ಲಿಸಿದ. ಲಾರಿಗಳಿಗೆ ಕಾಣಲಿ ಅಂತ ತನ್ನ ಇಂಜಿನ್ನನ್ನು ನಮ್ಮ ಕಡೆ ತಿರುಗಿಸಿ ಹೆಡ್‌ಲೈಟ್ ಹಚ್ಚಿಟ್ಟ. ಸೀಟಿನ ಮೇಲಿದ್ದ ಕೌದಿ ತಂದು ಹುಡುಗನಿಗೆ ಹೊದಿಸಿದ. ಆಮೇಲೆ ಮೆಲ್ಲಗೆ ಕೇಳಿದ, "ನನ್ನ ಮ್ಯಾಲ ಕೇಸ್ ಏನರ ಆಗ್ತದೇನ್ರಿ ಅಕ್ಕಾರ?" ಆಗಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಪ್ರಕಾರ ಅಪಘಾತದಲ್ಲಿ ಸಹಾಯ ಮಾಡಿದವರಿಗೆ ರಕ್ಷಣೆ ಇದೆ, ಅವರ ಹೆಸರು ಹೇಳು ಅಂತಲೂ ಒತ್ತಾಯ ಮಾಡುವಂತಿಲ್ಲ. ಅವನಿಗೆ ಇದನ್ನು ಹೇಳಿದಾಗ ಮುಖ ಸಡಿಲಾಯಿತು. ನಿಮ್ಮ ಊರಿನ ಡ್ರೈವರ್‌ಗಳಿಗೂ ದಯವಿಟ್ಟು ಹೇಳಿ.

108ಕ್ಕೆ ಮೇಷ್ಟ್ರು ಫೋನ್ ಮಾಡಿದರು. ನಾವೆಲ್ಲಿದ್ದೇವೆ ಅಂತ ಹೇಳೋದೇ ಕಷ್ಟ ಆಯಿತು. ಕಿಣ್ಣಿ ಸಡಕ್ ದಾಟಿದ್ದು ಗೊತ್ತು, ಮುಂದೆ ಎಷ್ಟು ದೂರ ಬಂದಿದ್ದೇವೆ ಗೊತ್ತಿಲ್ಲ. ಟ್ರ್ಯಾಕ್ಟರಿನವನೇ ಹೊಲದ ಗುರುತು ಹೇಳಿದ. ರಸ್ತೆ ಬದಿಯ ಕಿ.ಮೀ. ಕಲ್ಲು ನೋಡಿಕೊಳ್ಳುತ್ತಾ ಹೋಗುವ ಅಭ್ಯಾಸ ಇದ್ದರೆ ಆ ಹೊತ್ತಿಗೆ ತುಂಬಾ ಸಹಾಯ. ಹೆದ್ದಾರಿಗೆ 1033 ಅಂತ ಬೇರೆ ಸಹಾಯವಾಣಿಯೂ ಇದೆ. ಆಂಬುಲೆನ್ಸ್ ಬಂತು, ಹುಮನಾಬಾದ್‌ನಲ್ಲಿ ಆಸ್ಪತ್ರೆ ಸೇರಿದೆವು. ಅಲ್ಲಿನ ನರ್ಸ್ ಒಬ್ಬರು ಹುಡುಗನ ತಲೆ ಸವರುತ್ತಾ ಹೊಲಿಗೆ ಮುಗಿಯುವವರೆಗೂ ಮಾತಾಡಿಸುತ್ತಾ ಕೂತರು.

ಬೆಳಗ್ಗೆ ಗುಂಪಿನಲ್ಲಿ ಫೋಟೊ ಬಂತು. ಕೋಟೆ ಮುಂದೆ ಎಲ್ಲರೂ ಮೆಡಲ್ ಹಾಕಿಕೊಂಡು ನಿಂತಿದ್ದರು. ಕೆಳಗೆ "43 ಜನರೂ ಗುರಿ ಮುಟ್ಟಿದೆವು" ಅಂತ ಬರೆದಿತ್ತು. ಫೋಟೊ ದೊಡ್ಡದು ಮಾಡಿ ಎಣಿಸಿದೆ, 31 ತಲೆ. ನಮ್ಮನ್ನು ಬಿಟ್ಟು ಇನ್ನೂ ಒಂಬತ್ತು ಜನ ಎಲ್ಲಿ? ಒಬ್ಬೊಬ್ಬರಿಗೇ ಫೋನ್ ಮಾಡಿ ಕೇಳಿದೆ. ಕೆಲವರು ಹುಮನಾಬಾದ್‌ನಲ್ಲಿ ಬಸ್ ಹತ್ತಿದ್ದರು, ಇಬ್ಬರು ಕಮಲಾಪುರದಿಂದಲೇ ವಾಪಸ್ ಹೋಗಿದ್ದರು. ಯಾರು ಎಲ್ಲಿದ್ದಾರೆ ಅಂತ ನಡೆಸಿದವರಿಗೆ ಗೊತ್ತೇ ಇರಲಿಲ್ಲ. ನನಗೆ ಅವತ್ತು ಸಿಟ್ಟು ಬಂದದ್ದು ಇದಕ್ಕೆ. ಪಂಕ್ಚರ್ ಯಾರಿಗಾದರೂ ಆಗುತ್ತೆ, ಕಲ್ಲು ಯಾರ ಗಾಲಿಗಾದರೂ ಸಿಗುತ್ತೆ. ಆದರೆ ಒಬ್ಬ ಹುಡುಗ ರಸ್ತೆಯಲ್ಲಿ ಬಿದ್ದು ನಾಲ್ಕು ಗಂಟೆಯಾದರೂ ಅವನು ಬಂದಿಲ್ಲ ಅಂತ ಯಾರಿಗೂ ಗೊತ್ತಾಗದೇ ಇರೋದು ಹೇಗೆ?

ದೂರದ ಸವಾರಿ ಮಾಡಲೇಬೇಡಿ ಅಂತ ನಾನು ಹೇಳ್ತಿಲ್ಲ. ಬ್ರೆವೆ ಅಂತ, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗಳಿವೆ, 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕೊಡ್ತಾರೆ. ಅಲ್ಲಿಯೂ ನಿಮ್ಮನ್ನು ಯಾರೂ ಹೊತ್ತುಕೊಂಡು ಹೋಗಲ್ಲ, ಅದನ್ನು ಮೊದಲೇ ಹೇಳಿರ್ತಾರೆ. ಆದರೆ ನಡುನಡುವೆ ನಿಲ್ದಾಣಗಳಲ್ಲಿ ಕಾರ್ಡಿನ ಮೇಲೆ ಸಮಯ ದಾಖಲಾಗುತ್ತೆ, ರಾತ್ರಿ ದೀಪ ಮತ್ತು ಹೊಳೆಯುವ ಜಾಕೆಟ್ ಕಡ್ಡಾಯ. ನಮ್ಮ ಸವಾರಿಯಲ್ಲೂ ಕಮಲಾಪುರದಲ್ಲಿ ಒಬ್ಬರು, ಹುಮನಾಬಾದ್‌ನಲ್ಲಿ ಒಬ್ಬರು ಪಟ್ಟಿ ಹಿಡಿದು ನಿಂತಿದ್ದರೆ ಸಾಕಿತ್ತು. ಅನುಭವ ಇರುವ ಒಬ್ಬರು, ಏನೇ ಆದರೂ ಯಾರನ್ನೂ ಹಿಂದೆ ಬಿಡದೆ, ಕೊನೆಯ ಸವಾರನ ಹಿಂದೆಯೇ ತುಳಿಯಬೇಕಿತ್ತು. ಗಾಡಿ ಅವರ ಹಿಂದೆ ಬರಬೇಕಿತ್ತು.

ಹುಡುಗನ ಮೆಡಲ್ ಜನವರಿಯಲ್ಲಿ ಕೊರಿಯರ್‌ನಲ್ಲಿ ಬಂತು. ವಾಪಸ್ ಕಳಿಸಿದೆ. ಆಸ್ಪತ್ರೆ ಖರ್ಚು ಕೇಳಲಿಲ್ಲ, ಒಂದು ಕ್ಷಮೆ ಕೇಳಿದ್ದೆ. ಬಂದಿಲ್ಲ.

ಮೊನ್ನೆ ಹೊಸ ಪೋಸ್ಟರ್ ನೋಡಿ ಅದರಲ್ಲಿದ್ದ ನಂಬರ್‌ಗೆ ನಾನೇ ಫೋನ್ ಮಾಡಿದೆ. ಈ ಸಲ ಫೀ 1,500 ರೂಪಾಯಿ. ಎಲ್ಲರಿಗಿಂತ ಹಿಂದೆ ಯಾರು ಬರ್ತಾರೆ ಅಂತ ಕೇಳಿದೆ. "ಹಿಂದ ಗಾಡಿ ಇರ್ತದಲ್ರಿ ಅಕ್ಕಾರ" ಅಂದರು. ಹೋದ ವರ್ಷ ರಾತ್ರಿ ಮೂರು ಗಂಟೆಗೆ ಆ ಗಾಡಿ ಎಲ್ಲಿತ್ತು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಹೆಸರು ಕೊಡೋಕೆ ಇದೇ 30 ಕೊನೇ ದಿನ ಅಂದು ಫೋನ್ ಇಟ್ಟರು.